ಆಯುಷ್ಯಕೋಷ್ಟಕದ ಮೇಷ್ಟ್ರು

ಮೇಜಿನ ಒಂದು ಕಾಲು ಗಿಡ್ಡ. ಅದು ಅಲುಗಾಡದಿರಲೆಂದು ಯಾರೋ ಅಡಿಗೆ ಒಂದು ಪುಸ್ತಕವನ್ನು ಒತ್ತುಕೊಟ್ಟಿದ್ದರು. ನೀಲಿ ರಟ್ಟು, ಬಿಳಿಯ ಅಕ್ಷರ, ಬೆನ್ನಿಗೆ ದಪ್ಪ ಹೊಲಿಗೆ. ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು, ತಮ್ಮದೇ ಪುಸ್ತಕ.

“ಇದನ್ನ ಯಾರಿಟ್ಟಿದ್ದು, ದೊಡ್ಡಣ್ಣ?”

ಎಂಜಿನ್ನು ಬಿಚ್ಚಿ ಜೋಡಿಸುವ ಹಿರಿಯ ಫಿಟ್ಟರು, ಇಡೀ ಕಟ್ಟಡಕ್ಕೆ ದೊಡ್ಡಣ್ಣನೆನಿಸಿದವನು, ಎಣ್ಣೆಗೈಯನ್ನು ಬಟ್ಟೆಯಲ್ಲಿ ಒರಸಿಕೊಳ್ಳುತ್ತ ಹೆಮ್ಮೆಯಿಂದ ನಕ್ಕನು. “ನಾನೇ ಮೇಷ್ಟ್ರೇ. ರಟ್ಟು ಇಟ್ಟೆ, ಮರದ ಚೂರು ಇಟ್ಟೆ, ಎಲ್ಲಾ ಜಗ್ತಿತ್ತು. ನಿಮ್ದು ನೋಡಿ, ಕಲ್ಲು ಕೂತ ಹಾಗೆ ಕೂತಿದೆ. ಗಟ್ಟಿ ಪುಸ್ತಕ!”

“ಹೌದಪ್ಪ, ಒಂದಕ್ಕಾದ್ರೂ ಆಯ್ತಲ್ಲ,” ಎಂದು ಮೇಷ್ಟ್ರೂ ನಕ್ಕರು. ಪುಸ್ತಕ ಒಂದಿಷ್ಟು ಓರೆಯಾಗಿತ್ತು. ಬೆರಳಿನಿಂದ ತಳ್ಳಿ ನೆಟ್ಟಗೆ ಮಾಡಿದರು. ಆಮೇಲೆ ತಮ್ಮ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಕುರ್ಚಿಯಲ್ಲಿ ಕುಳಿತು, ಎದ್ದು, ಮತ್ತೆ ಕುಳಿತರು.

ಜೆಟ್ ಎಂಜಿನ್ನುಗಳು ಎಷ್ಟು ಕಾಲ ನಂಬಿಕೆಗೆ ಪಾತ್ರವಾಗಿ ಓಡುತ್ತವೆಂಬುದನ್ನು ಶೋಧಿಸುವುದೇ ಆ ಸಂಸ್ಥೆಯ ಕಾರ್ಯ. ಹೊಸಬರಿಗೆಲ್ಲ ಪಾಠ ಹೇಳಿದವರಾದ್ದರಿಂದ ಅಲ್ಲಿ ಅವರು ಮೇಷ್ಟ್ರು. ಬೆನ್ನ ಹಿಂದೆ, ಕೋಷ್ಟಕದ ಮೇಷ್ಟ್ರು. ಆ ನೀಲಿ ಪುಸ್ತಕ ಇಪ್ಪತ್ತಾರು ವರ್ಷದ ತಪಸ್ಸು. ಅಲಗಿಗೆ ಇಷ್ಟು, ಕೊಳವೆಗೆ ಇಷ್ಟು, ಬೇರಿಂಗಿಗೆ ಇಷ್ಟು ಎಂದು ಎಂಜಿನ್ನಿನ ಒಂದೊಂದು ಅಂಗಕ್ಕೂ ಗಂಟೆಗಳಲ್ಲಿ ಆಯುಷ್ಯವನ್ನು ಗೊತ್ತುಮಾಡಿದ ಕೋಷ್ಟಕ. ಅಷ್ಟು ಗಂಟೆ ತುಂಬಿತೋ, ಅಂಗವು ಎಷ್ಟೇ ಗಟ್ಟಿಮುಟ್ಟಾಗಿರಲಿ, ಬಿಚ್ಚಿ ತೆಗೆಯತಕ್ಕದ್ದು. ನೂರಾರು ವಿಮಾನಗಳು ಆ ಅಂಕಿಗಳನ್ನು ವೇದವಾಕ್ಯವೆಂದು ನಂಬಿ ಹಾರಿದ್ದವು, ನಂಬಿದ್ದರಿಂದಲೇ ಸುರಕ್ಷಿತವಾಗಿ ಇಳಿದಿದ್ದವು. ಮೇಷ್ಟ್ರಿಗೆ ಮಕ್ಕಳಿರಲಿಲ್ಲ. ತಮ್ಮ ಕಾಲಾನಂತರ ಲೋಕದಲ್ಲಿ ಉಳಿಯುವುದೇನಾದರೂ ಇದ್ದರೆ ಅದು ಆ ಇನ್ನೂರ ನಲವತ್ತು ಪುಟವೆಂದು ಅವರು ಬಲ್ಲರು.

ಆ ಗಿಡ್ಡ ಕಾಲಿನ ಮೇಜಿನ ಮೇಲಿದ್ದದ್ದು ಆಲಿಕೆಯ ಉಪಕರಣ. ಎಂಜಿನ್ನಿನ ಮೈಗೆ ಅಂಟಿಸಿದ ಸಣ್ಣ ಗುಂಡಿಗಳು ಅದರ ಕಂಪನವನ್ನು ಹೀರಿ ತೆರೆಯ ಮೇಲೆ ಗೆರೆಗಳಾಗಿ ಬರೆಯುತ್ತಿದ್ದವು. ಅದನ್ನು ಕಟ್ಟಿದವಳು ಅವರ ಶಿಷ್ಯೆ. ಹನ್ನೆರಡು ವರ್ಷದ ಹಿಂದೆ ಸ್ಪ್ಯಾನರನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ತಿಳಿಯದೆ ಬಂದವಳು, ಈಗ ವಿಭಾಗದ ಮುಖ್ಯಸ್ಥೆ. ಗಂಟೆಗಳನ್ನು ಎಣಿಸಬೇಕಾಗಿಲ್ಲ, ಕಿವಿಗೊಟ್ಟು ಕೇಳಿದರೆ ಸಾಕು, ತನಗೆ ಕಾಯಿಲೆಯಾದಾಗ ಎಂಜಿನ್ನು ತಾನೇ ಹೇಳುತ್ತದೆ ಎಂಬುದು ಅವಳ ಮತ. “ಆರೋಗ್ಯವಾಗಿರೋರನ್ನ ವಯಸ್ಸಾಯ್ತು ಅಂತ ಆಸ್ಪತ್ರೆಗೆ ಸೇರಿಸೋದ್ಯಾಕೆ, ಮೇಷ್ಟ್ರೇ?” ಎಂದು ತುಂಬಿದ ಸಭೆಯಲ್ಲಿ ಅವಳು ಕೇಳಿದಾಗ ಎಲ್ಲರೂ ನಕ್ಕಿದ್ದರು. ಮೇಷ್ಟ್ರೂ ನಕ್ಕಿದ್ದರು. ಆ ನಗು ಗಂಟಲಲ್ಲಿ ಮುಳ್ಳಾಗಿ ನಿಂತು ಎಂಟು ತಿಂಗಳಾಗಿತ್ತು.

ಆ ಎಂಟು ತಿಂಗಳಿಂದ ಪರೀಕ್ಷಾಕೋಣೆಯಲ್ಲಿ ಒಂದು ಎಂಜಿನ್ನು ಓಡುತ್ತಿತ್ತು. ಅದರ ಮುಖ್ಯ ಬೇರಿಂಗಿಗೆ ಕೋಷ್ಟಕ ಕೊಟ್ಟ ಆಯುಷ್ಯ ಸಾವಿರದ ಇನ್ನೂರು ಗಂಟೆ. ಅದನ್ನು ಬಿಚ್ಚದೆ, ಬರಿಯ ಆಲಿಕೆಯನ್ನು ನಂಬಿ ಸಾವಿರದ ಎಂಟುನೂರು ಗಂಟೆ ಓಡಿಸಿ ತೋರಿಸುತ್ತೇನೆಂದು ಅವಳು ಪಣ ತೊಟ್ಟಿದ್ದಳು. ಈಗ ಸಾವಿರದ ನಾನೂರು ದಾಟಿತ್ತು. ಪಣ ಗೆದ್ದ ದಿನ ಕೋಷ್ಟಕವನ್ನು ಬಳಕೆಯಿಂದ ಹಿಂತೆಗೆದುಕೊಳ್ಳುವ ಆದೇಶ ಹೊರಡುವುದೆಂದೂ, ಅದರ ಕರಡು ನಿರ್ದೇಶಕರ ಮೇಜಿನಲ್ಲಿ ಸಿದ್ಧವಾಗಿದೆಯೆಂದೂ ಮೇಷ್ಟ್ರಿಗೆ ಗೊತ್ತಿತ್ತು. ಅರಿಗಳಾರರಲ್ಲಿ ಮತ್ಸರವನ್ನು ಕೊನೆಯಲ್ಲಿ ಎಣಿಸುತ್ತಾರೆ; ಮೊದಲಿನ ಐದನ್ನು ಗೆದ್ದು ನಿಶ್ಚಿಂತನಾದವನ ಮನೆಯ ಹಿತ್ತಿಲ ಬಾಗಿಲನ್ನು ಅದು ತಟ್ಟುತ್ತದೆ.

ಮನೆಯಲ್ಲಿ ಅವರಿಗೆ ನಿಂತಲ್ಲಿ ನೆಲೆಯಿರಲಿಲ್ಲ. ಗೋಡೆಯ ಪಟಗಳನ್ನು ನೆಟ್ಟಗೆ ಮಾಡಿದರು. ನಲ್ಲಿಯ ತೊಟ್ಟಿಕ್ಕುವಿಕೆಯನ್ನು ನಿಲ್ಲಿಸಿದರು. ಬಾಗಿಲ ಕೀಲಿಗೆ ಎಣ್ಣೆ ಬಿಟ್ಟು, ಹತ್ತು ಸಲ ತೆರೆದು ಹಾಕಿ ನೋಡಿದರು.

“ಕಾಲಿಗೆ ಚಕ್ರ ಕಟ್ಕೊಂಡಿದೀರೇನ್ರೀ?” ಎಂದಳು ಹೆಂಡತಿ, ಬಟ್ಟೆ ಮಡಚುತ್ತ. “ಈ ಬಾಗ್ಲಿಗೆ ಎಷ್ಟು ಗಂಟೆ ಬರ್ದಿದೀರಿ, ಪುಸ್ತಕದಲ್ಲಿ?”

“ಬಾಗ್ಲಿಗೆ ಬರ್ದಿಲ್ಲ.”

“ನಂಗೆ?”

“ನಿಂಗೆ ಲೆಕ್ಕವೇ ಇಲ್ಲ ಮಾರಾಯ್ತಿ, ನೂರು ವರ್ಷ.”

“ಹಾಗಂದ್ರೆ ಇನ್ನೂ ನಲವತ್ತು ವರ್ಷ ಈ ಮನೇಲಿ ನಾನು ನಿಮ್ಮ ಹಿಂದೆ ಓಡಾಡ್ಬೇಕು ಅನ್ನಿ. ಕೂತ್ಕೊಳ್ರೀ ಒಂದು ಗಳಿಗೆ!”

ಕುಳಿತರು. ಕುಳಿತಲ್ಲಿಯೇ ಆ ಯೋಚನೆ ಹುಟ್ಟಿತು. ಹುಟ್ಟಿತೆನ್ನುವುದಕ್ಕಿಂತ, ಎಂದೋ ಬಂದು ಜಗಲಿಯಲ್ಲಿ ಕಾದಿದ್ದ ಪರಿಚಿತನಂತೆ ಒಳಗೆ ಬಂದಿತು. ಆಲಿಕೆಯು ಒಂದು ಮಾತನ್ನೂ ಹೇಳದಿರುವಾಗಲೇ ಆ ಬೇರಿಂಗು ಒಡೆದುಹೋದರೆ? ಅಷ್ಟು ಸಾಕು. ಉಪಕರಣ ಕಿವುಡೆಂದು ಸಿದ್ಧವಾಗುತ್ತದೆ, ನೀಲಿ ಪುಸ್ತಕ ಮೇಜಿನ ಅಡಿಯಿಂದ ಮೇಲಕ್ಕೆ ಬರುತ್ತದೆ.

ಮುಂದಿನ ಹದಿನೈದು ದಿನ ಮೇಷ್ಟ್ರು ತಮ್ಮ ಅಪರಾಧವನ್ನು ಒಂದು ಎಂಜಿನ್ನೆಂದು ಭಾವಿಸಿ ಅದರ ವಿಶ್ವಾಸಾರ್ಹತೆಯನ್ನು ಲೆಕ್ಕ ಹಾಕಿದರು. ಯಂತ್ರ ಎಲ್ಲಿ ಕೆಡಬಹುದು ಎಂದು ಕೇಳುವುದು ಅವರ ಜನ್ಮದ ವಿದ್ಯೆ. ಆ ವಿದ್ಯೆಯನ್ನೇ ತಮ್ಮ ಮೇಲೆ ಪ್ರಯೋಗಿಸಿಕೊಂಡರು. ಒಳಗೆ ಹೊರಗಿನ ವಸ್ತುವನ್ನು ಹಾಕಿದವನು ಸಿಕ್ಕಿಬೀಳುತ್ತಾನೆ: ಮರಳು, ಲೋಹದ ಪುಡಿ, ಮೇಣ, ಯಾವುದಾದರೂ ಸೂಕ್ಷ್ಮದರ್ಶಕದಡಿಯಲ್ಲಿ ತನ್ನ ಊರನ್ನು ಹೇಳಿಬಿಡುತ್ತದೆ. ಆದರೆ ಎಂಜಿನ್ನಿನೊಳಗೆ ತಾನಾಗಿಯೇ ಹುಟ್ಟುವ ಕೊಳೆಯೊಂದಿದೆ. ಬಿಸಿ ಕೊಳವೆಗಳಲ್ಲಿ ಎಣ್ಣೆ ಸೀದು, ಗಟ್ಟಿಯಾಗಿ, ಕರಿಯ ಕಿಟ್ಟವಾಗಿ ಅಂಟಿಕೊಳ್ಳುತ್ತದೆ. ಬೇರಿಂಗಿಗೆ ಎಣ್ಣೆ ಚಿಮ್ಮುವುದು ಸೂಜಿಯ ಕಣ್ಣಿನಷ್ಟು ಸಣ್ಣ ರಂಧ್ರದಿಂದ. ಗುಜರಿಗೆ ಹಾಕಿದ ಹಳೆಯ ಕೊಳವೆಯಿಂದ ಕೆರೆದ ಕಿಟ್ಟವನ್ನು ಅದೇ ಜಾತಿಯ ಎಣ್ಣೆಯಲ್ಲಿ ಕಲಸಿ, ಎಳ್ಳುಕಾಳಿನಷ್ಟನ್ನು ಆ ರಂಧ್ರದ ಹಿಂದೆ ಇಟ್ಟರೆ, ಮೊದಮೊದಲು ಎಣ್ಣೆ ಹೇಗೋ ನುಸುಳೀತು. ಶಾಖಕ್ಕೆ ಕಿಟ್ಟ ಬಿಗಿದಂತೆ ದಾರಿ ಕಟ್ಟೀತು. ಒಡೆಯುವುದು ಎಂಟು ಒಂಬತ್ತನೆಯ ಗಂಟೆಯ ನಡುವೆ. ಆಲಿಕೆಯನ್ನು ದಾಖಲಿಸುವುದು ಓಟದ ಆರಂಭಕ್ಕೆ ಒಮ್ಮೆ, ಆಮೇಲೆ ಹತ್ತನೆಯ ಗಂಟೆಗೆ. ಆರಂಭದಲ್ಲಿ ಕಾಯಿಲೆ ಇರುವುದಿಲ್ಲ. ಹತ್ತನೆಯ ಗಂಟೆಗೆ ರೋಗಿಯೇ ಇರುವುದಿಲ್ಲ.

ಯಾರಿಗೂ ಪೆಟ್ಟಾಗದೆಂಬುದನ್ನು ಮೊದಲೇ ಖಚಿತಪಡಿಸಿಕೊಂಡರು. ಓಡುವ ಎಂಜಿನ್ನಿಗೂ ಮನುಷ್ಯರಿಗೂ ನಡುವೆ ಉಕ್ಕಿನ ಗೋಡೆ, ದಪ್ಪ ಗಾಜು. ಈ ಎಚ್ಚರ ಅವರಿಗೆ ತಮ್ಮ ಸಾತ್ತ್ವಿಕತೆಯ ಪುರಾವೆಯಾಗಿ ಕಂಡು, ಒಂದು ರಾತ್ರಿ ಚೆನ್ನಾಗಿ ನಿದ್ದೆ ಹತ್ತಿಸಿತು.

ಪರೀಕ್ಷಾಕೋಣೆಯ ಬಾಗಿಲಲ್ಲಿ ದಾಖಲೆ ಪುಸ್ತಕವಿತ್ತು. ಒಳಹೋಗುವವರೆಲ್ಲ ಹೊತ್ತನ್ನು ಬರೆದು ಸಹಿ ಮಾಡಬೇಕು. ಚಿಕ್ಕ ಕಳ್ಳನಾಗಿದ್ದರೆ ಸಹಿಯನ್ನು ತಪ್ಪಿಸುವ ಉಪಾಯ ಹುಡುಕುತ್ತಿದ್ದ. ಮೇಷ್ಟ್ರು ಸಹಿ ಮಾಡಿಯೇ ಹೋಗಲು ನಿಶ್ಚಯಿಸಿದರು. ಗುರುವಾರ ಗುರುವಾರ ಗಂಟೆ ಎಣಿಸುವ ಮೀಟರನ್ನು ಓದಿಕೊಂಡು ಬರುವುದು ಅವರ ಹಕ್ಕು, ಅವರ ಅಭ್ಯಾಸ. ಆ ಪುಸ್ತಕದಲ್ಲಿ ಎಂಟು ತಿಂಗಳಿನ ಏಳುನೂರಕ್ಕೂ ಮಿಕ್ಕಿದ ಸಹಿಗಳಿದ್ದವು. ಕಿಟ್ಟ ಕಟ್ಟುವುದಕ್ಕೆ ನೂರಾರು ಗಂಟೆ ಬೇಕೆಂಬುದು ಎಲ್ಲರೂ ಬಲ್ಲ ಸಂಗತಿ. ಯಾವಾಗ ಎಂಬುದೇ ಇಲ್ಲದ ಮೇಲೆ ಯಾರು ಎಂಬ ಪ್ರಶ್ನೆ ಹುಟ್ಟುವುದೆಲ್ಲಿಂದ? ಈ ವಾಕ್ಯವನ್ನು ಅವರು ಮನಸ್ಸಿನಲ್ಲಿ ಮಂತ್ರದಂತೆ ತಿರುಗಿಸಿಕೊಂಡರು. ಸಿಕ್ಕಿಬೀಳುವ ಸಂಭವ ಹತ್ತು ಸಾವಿರಕ್ಕೆ ಒಂದು. ಅದಕ್ಕಿಂತ ಹೆಚ್ಚಿನ ಅಪಾಯವನ್ನು ಹೊತ್ತ ಎಂಜಿನ್ನುಗಳಿಗೆ ಅವರೇ ಹಾರಲು ಅಪ್ಪಣೆ ಕೊಟ್ಟಿದ್ದರು.

ಇನ್ನುಳಿದದ್ದು ಕೈಚಳಕ. ರಂಧ್ರದ ಮುಚ್ಚಳವು ಕಂಪನಕ್ಕೆ ಬಿಚ್ಚಿಕೊಳ್ಳದಂತೆ ಅದನ್ನು ಸಣ್ಣ ಉಕ್ಕಿನ ತಂತಿ ಹೊಸೆದು ಕಟ್ಟಿರುತ್ತಾರೆ. ಆ ಕಟ್ಟನ್ನು ಕತ್ತರಿಸಿ, ಮತ್ತೆ ಮೊದಲಿನಂತೆಯೇ ಕಟ್ಟಬೇಕು. ಮೇಷ್ಟ್ರು ಬಳಕೆ ತಪ್ಪಿದ್ದ ತಮ್ಮ ಬೆರಳುಗಳನ್ನು ಊಟದ ಮನೆಯ ಕುರ್ಚಿಯ ಕಾಲಿನ ಮೇಲೆ ಪಳಗಿಸಿದರು.

“ಕುರ್ಚಿ ಓಡಿಹೋಗುತ್ತೆ ಅಂತ ಕಟ್ಟಿಹಾಕ್ತಿದೀರಾ?” ಎಂದು ಹೆಂಡತಿ ಕೇಳಿದಳು. “ನಿಮ್ಮನ್ನ ಕಟ್ಟಿಹಾಕೋಕೆ ಎಷ್ಟು ಉದ್ದದ ತಂತಿ ಬೇಕು, ಅದನ್ನ ಹೇಳಿ.”

ಗುರುವಾರ ಬಂದಿತು. ಹಿಂದಿನ ಸಂಜೆ ನಿಲ್ಲಿಸಿದ ಎಂಜಿನ್ನು ರಾತ್ರಿಯೆಲ್ಲ ಆರಿ ತಣ್ಣಗಾಗಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಮತ್ತೆ ಓಟ. ಎಂಟೂವರೆಗೆ ಎಲ್ಲರೂ ಚಹಾಕ್ಕೆ ಹೋಗುವ ಹೊತ್ತು. ಮೇಷ್ಟ್ರು ಎಂಟು ಮೂವತ್ತನಾಲ್ಕಕ್ಕೆ ಸಹಿ ಮಾಡಿ ಒಳಗೆ ಹೋದರು. ಮೀಟರು ಸಾವಿರದ ನಾನೂರ ಅರವತ್ತೊಂದನ್ನು ತೋರಿಸುತ್ತಿತ್ತು. ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಎಂಜಿನ್ನು ತನ್ನ ಚೌಕಟ್ಟಿನಲ್ಲಿ ತೂಗಿ ನಿಂತಿತ್ತು, ಮೈತುಂಬ ಕೊಳವೆ, ಮೈತುಂಬ ತಂತಿ. ಅದರ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಕೊಳವೆಗಳ ನಡುವೆ ಕೈತೂರಿಸಿ, ಕಣ್ಣಿಗೆ ಕಾಣದಲ್ಲಿ ಬೆರಳಿನಿಂದ ತಡವುತ್ತ ಅವರು ದಾರಿ ಹುಡುಕಿದರು. ಎಷ್ಟೋ ವರ್ಷದ ಮೇಲೆ ಮೂಗಿಗೆ ಬಂದ ಆ ಎಣ್ಣೆಯ ವಾಸನೆಗೆ ಎದೆ ಸುಮ್ಮನೆ ಹಿಗ್ಗಿತು. ಕೈಗಳು ಬುದ್ಧಿಯ ಅಪ್ಪಣೆಗೆ ಕಾಯದೆ ತಮ್ಮ ಕೆಲಸವನ್ನು ತಾವೇ ಬಲ್ಲವಾಗಿದ್ದವು. ಮುಚ್ಚಳ ಬಂದಿತು, ಎಳ್ಳುಕಾಳು ತನ್ನ ಸ್ಥಾನ ಸೇರಿತು, ಮುಚ್ಚಳ ಕೂತಿತು, ತಂತಿ ಬಿಗಿಯಿತು. ಹದಿನೆಂಟು ನಿಮಿಷವೆಂದುಕೊಂಡಿದ್ದ ಕೆಲಸ ಇಪ್ಪತ್ತೆರಡನ್ನು ತಿಂದಿತು, ವಯಸ್ಸಾಯಿತಲ್ಲ ಎಂದುಕೊಂಡರು. ಎದ್ದು, ಬೆಳಕು ಹಿಡಿದು, ಇನ್ನೊಮ್ಮೆ ನೋಡಿದರು. ಎಲ್ಲವೂ ಇರಬೇಕಾದಂತೆ ಇತ್ತು.

ಕೈತೊಳೆಯುವಲ್ಲಿ ಮುಖ್ಯಸ್ಥೆ ಎದುರಾದಳು. ಕಣ್ಣಿನ ಸುತ್ತ ಕಪ್ಪು, ಆದರೆ ಮುಖದಲ್ಲಿ ಬಾಲ್ಯದ ಉತ್ಸಾಹ.

“ಮೇಷ್ಟ್ರೇ, ನಿಮ್ಮನ್ನೇ ಹುಡುಕ್ತಿದ್ದೆ. ಬೈಯಲ್ಲ ಅಂದ್ರೆ ಒಂದು ಮಾತು.”

“ಬೈದು ಯಾವ ಕಾಲ ಆಯ್ತು ಮಗೂ, ಹೇಳು.”

“ಈ ಓಟ ಮುಗಿದ್ಮೇಲೆ ಹೊಸ ಪುಸ್ತಕ ಮಾಡ್ತೀವಿ. ನಿಮ್ಮ ಕೋಷ್ಟಕನೇ ಅದರ ಮೊದಲನೇ ಭಾಗ. ಎಲ್ಲಿ ಕಿವಿಗೊಡಬೇಕು ಅಂತ ನಂಗೆ ಗೊತ್ತಾಗಿದ್ದೇ ಅದ್ರಿಂದ. ಮುನ್ನುಡಿ ನೀವು ಬರೀಬೇಕು.”

ನೀರು ಸುರಿಯುತ್ತಲೇ ಇತ್ತು. ಓಟಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಮರೆತದ್ದನ್ನು ನೋಡಿ ಬರುತ್ತೇನೆಂದು ಇನ್ನೊಂದು ಸಹಿ ಮಾಡಿ ಒಳಹೊಕ್ಕು ಆ ಎಳ್ಳುಕಾಳನ್ನು ತೆಗೆದುಬಿಡಬಹುದಿತ್ತು. ಮೇಷ್ಟ್ರು ಆ ಮಾತನ್ನು ತೂಗಿದರು. ಮೊದಲನೇ ಭಾಗವಂತೆ! ಮುನ್ನುಡಿಯಂತೆ! ದೊಡ್ಡ ಮನೆ ಕಟ್ಟುವವರು ಹಳೆಯ ಕಲ್ಲನ್ನು ಅಡಿಪಾಯಕ್ಕೆ ಹಾಕಿ ಮಣ್ಣು ಮುಚ್ಚುತ್ತಾರೆ. ಮೇಜಿನ ಕಾಲಿನಡಿಗೂ ಅಡಿಪಾಯಕ್ಕೂ ಎಷ್ಟು ದೂರ?

“ನೋಡೋಣಮ್ಮ,” ಎಂದು ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸಿದರು.

ಒಂಬತ್ತೂವರೆಗೆ ಎಂಜಿನ್ನು ಎದ್ದಿತು. ಕಿಟಕಿಯ ಗಾಜು ಎಂದಿನಂತೆ ಸಣ್ಣಗೆ ನಡುಗತೊಡಗಿತು. ಹತ್ತು ಗಂಟೆಗೆ ಮೇಷ್ಟ್ರು ಓಣಿಯಲ್ಲಿ ಹಾದು ಹೋಗುವಾಗ ಗಾಜಿನ ಆಚೆ ಅವಳನ್ನು ಕಂಡರು. ತೆರೆಯ ಮುಂದೆ ಕುಳಿತಿದ್ದಳು. ಬೆಳಗಿನ ಉತ್ಸಾಹ ಬತ್ತಿತ್ತು. ದೊಡ್ಡಣ್ಣ ಪಕ್ಕದಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಮಧ್ಯಾಹ್ನ ಮತ್ತೆ ಹಾದರು. ಅವಳು ಅಲ್ಲೇ ಇದ್ದಳು. ಗಂಡನೊಡನೆ ಜಗಳವೇನೋ ಎಂದುಕೊಂಡರು. ಮೇಷ್ಟ್ರ ಸ್ಥಿತಿಯೂ ಅದಕ್ಕಿಂತ ಮೇಲಿರಲಿಲ್ಲ. ಪತ್ರ ಬರೆಯಲು ಕೂತರೆ ಅರ್ಧಕ್ಕೆ ಏಳುವುದು. ಕಪಾಟಿನ ಕಡತಗಳನ್ನು ಇಳಿಸಿ, ಎತ್ತರದ ಕ್ರಮದಲ್ಲಿ ಜೋಡಿಸಿ, ಆಮೇಲೆ ವರ್ಷದ ಕ್ರಮದಲ್ಲಿ ಜೋಡಿಸುವುದು. ಅಂಗೈಯನ್ನು ಕಿಟಕಿಯ ಗಾಜಿಗೆ ಒತ್ತಿ ನಡುಕ ಇದೆಯೇ ಎಂದು ನೋಡುವುದು. ಸಂಜೆ ಐದೂ ಮುಕ್ಕಾಲಿಗೆ, ಎಂಟನೆಯ ಗಂಟೆ ತುಂಬಿ ಕಾಲು ಗಂಟೆಯಾದಾಗ, ಅಂಗೈಯಡಿಯಲ್ಲಿ ಗಾಜು ಸತ್ತಿತು.

ಅಂದು ಮನೆಯಲ್ಲಿ ಅವರು ಕುರ್ಚಿಯಿಂದ ಏಳದೆ ಎರಡು ಗಂಟೆ ಕುಳಿತಿದ್ದನ್ನು ಕಂಡು ಹೆಂಡತಿ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ಶುಕ್ರವಾರ ಎಂಜಿನ್ನನ್ನು ಬಿಚ್ಚಿ ನೋಡಿದವರು ಮುಖ್ಯಸ್ಥೆ, ದೊಡ್ಡಣ್ಣ ಇಬ್ಬರೇ; ಮೇಷ್ಟ್ರು ಅತ್ತ ಸುಳಿಯಲಿಲ್ಲ. ಸೋಮವಾರ ವಿಚಾರಣೆ. “ಇದ್ರಲ್ಲಿ ನಿಮಗಿಂತ ತಿಳಿದೋರು ಯಾರಿದಾರೆ? ನೀವೇ ನಡೆಸಿಕೊಡಿ,” ಎಂದು ನಿರ್ದೇಶಕರೇ ಮೇಷ್ಟ್ರನ್ನು ಅಧ್ಯಕ್ಷರನ್ನಾಗಿ ಮಾಡಿದ್ದರು. ಇದನ್ನು ಕೂಡ ಅವರು ನಿರೀಕ್ಷಿಸಿದ್ದರು. ಕೋಣೆಯಲ್ಲಿ ನಾಲ್ವರು: ನಿರ್ದೇಶಕರು, ಮೇಷ್ಟ್ರು, ಎದುರಿಗೆ ಮುಖ್ಯಸ್ಥೆ, ಬಾಗಿಲ ಬಳಿ ದೊಡ್ಡಣ್ಣ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿದ ತಟ್ಟೆಯಲ್ಲಿ ಬೇರಿಂಗು. ಅದು ಚೂರುಚೂರಾಗಿರುತ್ತದೆಂದು ಬಗ್ಗಿ ನೋಡಿದ ಮೇಷ್ಟ್ರಿಗೆ ಮೊದಲ ಅಳುಕು ಆದದ್ದು ಆಗ. ಬೇರಿಂಗು ಇಡಿಯಾಗಿತ್ತು. ಒಂದು ಕಡೆ ಶಾಖಕ್ಕೆ ನೀಲಿಗಟ್ಟಿತ್ತು, ಅಷ್ಟೇ.

“ಎಣ್ಣೆಯ ರಂಧ್ರದಲ್ಲಿ ಕಿಟ್ಟ ಕಟ್ಟಿತ್ತು,” ಎಂದಳು ಮುಖ್ಯಸ್ಥೆ. ಅವರನ್ನು ನೋಡದೆ ಕಾಗದವನ್ನು ಓದುತ್ತಿದ್ದಳು. “ಎಂಟನೇ ಗಂಟೆ ಕಳೆದ್ಮೇಲೆ ಉಪಕರಣದಲ್ಲಿ ಬೇರಿಂಗಿನ ಗೆರೆ ಏಳೋಕೆ ಶುರುವಾಯ್ತು. ನಾನು ಓಟ ನಿಲ್ಲಿಸಿದೆ. ಇನ್ನು ಹತ್ತು ನಿಮಿಷ ಬಿಟ್ಟಿದ್ರೆ ಒಡೀತಿತ್ತು. ಕಿಟ್ಟ ಕಟ್ಟಿದ್ದಕ್ಕೆ ಸಹಜ ಕಾರಣ ಅಂತ ಬರೆದಿದೀನಿ. ನಂದು ಇಷ್ಟೇ.”

ನಿರ್ದೇಶಕರ ಮುಖ ಅರಳಿತು. “ಅಂದ್ರೆ ಉಪಕರಣ ಗೆದ್ದ ಹಾಗೆ ತಾನೇ? ಸಾಕ್ಷಾತ್ ಕಿವಿಯಿಂದ ಕೇಳಿ ಹೇಳ್ತಲ್ಲಮ್ಮ!”

ಮೇಷ್ಟ್ರ ಲೆಕ್ಕ ತಲೆಕೆಳಗಾಗಿತ್ತು. ಆದರೆ ಇಪ್ಪತ್ತಾರು ವರ್ಷ ಪರರ ವರದಿಗಳಲ್ಲಿ ಬಿರುಕು ಹುಡುಕಿದ ಕಣ್ಣು ಅದು. ಬಿರುಕನ್ನು ಕೂಡಲೇ ಕಂಡಿತು. ಅವರು ನಿಧಾನವಾಗಿ ಕನ್ನಡಕ ತೆಗೆದು ಒರಸಿದರು.

“ಒಂದು ಸಂಶಯ. ಕ್ರಮದ ಪ್ರಕಾರ ಆಲಿಕೆ ಆರಂಭಕ್ಕೊಮ್ಮೆ, ಹತ್ತನೇ ಗಂಟೆಗೊಮ್ಮೆ. ಎಂಟನೇ ಗಂಟೇಲಿ ನೀನು ಅದರ ಮುಂದೆ ಯಾಕೆ ಕೂತಿದ್ದೆ?”

ಅವಳು ಮೊದಲ ಸಲ ತಲೆಯೆತ್ತಿದಳು. “ಅದು ಬಿಡಿ ಮೇಷ್ಟ್ರೇ. ಮುಖ್ಯ ಅಲ್ಲ.”

“ಮುಖ್ಯ ಅಲ್ದೆ? ಹಾರೋ ವಿಮಾನದಲ್ಲಿ ಹೀಗೆ ದಿನವಿಡೀ ಯಾರು ಕಿವಿ ಇಟ್ಟು ಕೂರ್ತಾರೆ? ಕ್ರಮ ಪಾಲಿಸಿದ್ರೆ ಇದು ಒಡೆದೇ ಹೋಗ್ತಿತ್ತು ಅಂತ ನೀನೇ ಹೇಳಿದೆ. ಹಾಗಾದ್ರೆ ಗೆದ್ದಿದ್ದು ಉಪಕರಣ ಅಲ್ಲ, ಅದೃಷ್ಟ.”

“ಬೇಡಿ ಮೇಷ್ಟ್ರೇ,” ಎಂದನು ಬಾಗಿಲಿನಿಂದ ದೊಡ್ಡಣ್ಣ. ಅವನ ದನಿ ಒಡೆದಿತ್ತು. “ಕೈ ಮುಗಿತೀನಿ. ಅದೊಂದು ಕೇಳ್ಬೇಡಿ.”

“ಕೇಳದೆ ಬಿಡೋಕೆ ಇದೇನು ಮನೆ ವಿಷಯವಾ? ಕಡತದಲ್ಲಿ ಬರಬೇಕು. ಹೇಳಮ್ಮ, ಯಾಕೆ ಕೂತಿದ್ದೆ?”

ನಿರ್ದೇಶಕರೂ ಹೇಳೆಂಬಂತೆ ತಲೆಯಾಡಿಸಿದರು. ಅವಳು ಕಾಗದವನ್ನು ಮಡಚಿ ಕೆಳಗಿಟ್ಟಳು. “ಗುರುವಾರ ಬೆಳಿಗ್ಗೆ ಏಳೂ ಕಾಲಿಗೆ ನಾನೂ ದೊಡ್ಡಣ್ಣನೂ ಒಂದು ನಟ್ಟು ಸಡಿಲ ಮಾಡಿ ಬಂದಿದ್ವಿ, ಮೇಷ್ಟ್ರೇ. ಕೆಳಗಡೆ, ಎಣ್ಣೆ ಕೊಳವೆ ಹಿಡಿದಿರೋ ಪಟ್ಟಿಯದು. ಒಂದೂವರೆ ಸುತ್ತು. ಅದ್ರಿಂದ ಅಪಾಯ ಇಲ್ಲ, ಆದ್ರೆ ಉಪಕರಣಕ್ಕೆ ಕೇಳಿಸಲೇಬೇಕು. ಯಾರಿಗೂ ಹೇಳದೆ ದೋಷ ಇಟ್ಟು ನೋಡದ ಹೊರತು ಉಪಕರಣನ ನಂಬಬಾರದು ಅಂತ ನೀವೇ ಹೇಳಿಕೊಟ್ಟಿದ್ದು. ಬರೆದು, ಲಕೋಟೆಗೆ ಮೊಹರು ಹಾಕಿ ಕಚೇರಿಗೆ ಕೊಟ್ಟಿದೀನಿ. ಓಟ ಶುರುವಾಯ್ತು; ಅದಕ್ಕೆ ಕೇಳಿಸಲೇ ಇಲ್ಲ. ನನ್ನ ಯಂತ್ರ ಕಿವುಡಾಯ್ತು ಅಂತ ಊಟಬಿಟ್ಟು ಅದರ ಮುಂದೆ ಕೂತೆ. ಶುಕ್ರವಾರ ಬಿಚ್ಚಿದಾಗ ಗೊತ್ತಾಯ್ತು, ಕೇಳಿಸೋಕೆ ಅಲ್ಲೇನೂ ಇರಲಿಲ್ಲ. ನಟ್ಟು ಬಿಗಿಯಾಗಿತ್ತು. ಹೊಸ ತಂತಿ ಹಾಕಿ, ಮುಂದೆ ಕೈಹಾಕೋರಿಗೆ ಚುಚ್ಚದ ಹಾಗೆ ತುದಿನೂ ಒಳಕ್ಕೆ ಮಡಚಿತ್ತು.” ನಿರ್ದೇಶಕರು ಕೈ ಚಾಚಿದರು, ದೊಡ್ಡಣ್ಣ ಪರೀಕ್ಷಾಕೋಣೆಯ ಬಾಗಿಲಿನ ದಾಖಲೆ ಪುಸ್ತಕವನ್ನು ತಂದು, ಯಾರ ಮುಖವನ್ನೂ ನೋಡದೆ, ಮೇಜಿನ ಮೇಲೆ ಬಿಚ್ಚಿಟ್ಟನು. ಮೇಷ್ಟ್ರು ಅದನ್ನು ನೋಡಲಿಲ್ಲ, ತಮ್ಮ ಬಲಗೈಯನ್ನು ನೋಡಿಕೊಂಡರು. ಅಂದು ಎಂಜಿನ್ನಿನಡಿಯ ಕತ್ತಲಲ್ಲಿ ಮುಚ್ಚಳವನ್ನು ತಡಕುತ್ತ ಹೋಗುವಾಗ ದಾರಿಯಲ್ಲೊಂದು ಸಡಿಲ ನಟ್ಟು ಬೆರಳಿಗೆ ಸಿಕ್ಕಿತ್ತು. ಬೆರಳುಗಳು ಅದನ್ನು ಬಿಗಿದು, ಕಟ್ಟಿ, ಮುಂದೆ ಹೋಗಿದ್ದವು. ಇಪ್ಪತ್ತಾರು ವರ್ಷದಲ್ಲಿ ಒಂದು ಸಡಿಲ ನಟ್ಟನ್ನೂ ಹಾಗೆಯೇ ಬಿಟ್ಟು ಬಂದ ಕೈಯಲ್ಲ ಅದು. ಹಾಗೆ ಮಾಡಿದ್ದನ್ನು ಮನಸ್ಸು ಒಂದು ಕೆಲಸವೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಏಳೂ ಕಾಲಿಗೆ ಸಡಿಲ, ಒಂಬತ್ತೂವರೆಗೆ ಬಿಗಿ. ನಡುವೆ ಆ ಪುಟದಲ್ಲಿದ್ದದ್ದು ಒಂದೇ ಒಂದು ಸಹಿ, ನಿಮಿಷವನ್ನೂ ಬಿಡದೆ ದುಂಡಾಗಿ ಬರೆದದ್ದು.